ಕಾರ್ಖಾನೆಗಿಂತ ಮೊದಲು ಪಾಠಶಾಲೆ



ಬೆಂಗಳೂರಿಗೆ ಇಷ್ಟೊಂದು ಕಾರ್ಖಾನೆಗಳು ಏಕೆ ಬಂದವು ಎಂದು ಕೇಳಿದರೆ ಹಲವರು ಇಲ್ಲಿನ ತಂಪು ಹವೆಯನ್ನು ಹೊಗಳುತ್ತಾರೆ. ಹವೆಯೊಂದೇ ಸಾಕಾಗಿದ್ದರೆ ಮಡಿಕೇರಿಯಲ್ಲಿ ವಿಮಾನಗಳು ತಯಾರಾಗಬೇಕಿತ್ತು! ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಬೇರೊಂದು ಸತ್ಯ ಗೋಚರಿಸುತ್ತದೆ.

1858ರಲ್ಲಿ ಆರಂಭವಾದ ಹೈಸ್ಕೂಲೊಂದು ಮುಂದೆ ಸೆಂಟ್ರಲ್ ಕಾಲೇಜಾಯಿತು. ಮೈಸೂರು ಸಂಸ್ಥಾನವು ನೀಡಿದ 371 ಎಕರೆ ಭೂಮಿಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ನೆಲೆಗೊಂಡು, 1911ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನ ಬಂದಿತು. 1917ರಲ್ಲಿ ಇಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾಯಿತು. ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಹುಟ್ಟಿದ್ದು 1940ರ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಆ ಕಾಲೇಜಿಗೆ 23 ವರ್ಷ ತುಂಬಿತ್ತು.

ವಿದ್ಯೆಯೊಂದೇ ಕಾರಣವೆಂದು ನಾನು ವಾದಿಸುವುದಿಲ್ಲ. ಶಿವನಸಮುದ್ರದ ವಿದ್ಯುತ್ತು 1905ರಲ್ಲೇ ಬೆಂಗಳೂರಿಗೆ ಬಂದಿತ್ತು. ವಿಮಾನ ಕಾರ್ಖಾನೆಗೆ ಸಂಸ್ಥಾನದ ಬಂಡವಾಳವೂ ಸೇರಿತ್ತು. ಆದರೆ ವಿದ್ಯುತ್ತು ಯಂತ್ರವನ್ನು ತಿರುಗಿಸಬಲ್ಲದೇ ಹೊರತು ನಕ್ಷೆಯನ್ನು ಓದಲಾರದು.

ಕಾರ್ಖಾನೆ ಬಂದ ಬಳಿಕ ಅದು ಪಾಠಶಾಲೆಯನ್ನೂ ಬೆಳೆಸಿತು. 1942ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನಶಾಸ್ತ್ರದ ವಿಭಾಗ ತೆರೆಯಿತು. ಅದರ ಮುಖ್ಯಸ್ಥರಾಗಿದ್ದ ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ಕಾರ್ಖಾನೆಯು ಎಚ್.ಟಿ.-2 ತರಬೇತಿ ವಿಮಾನವನ್ನು ರೂಪಿಸಿತು. 1951ರಲ್ಲಿ ಅದು ಆಕಾಶಕ್ಕೇರಿತು. ಐ.ಟಿ.ಐ. ದೂರವಾಣಿ ಕಾರ್ಖಾನೆ (1948), ಎಚ್.ಎಂ.ಟಿ. (1953), ಬಿ.ಇ.ಎಲ್. (1954) ಇದೇ ಊರಿನಲ್ಲಿ ತಲೆಯೆತ್ತಿದವು.

ಈ ಚರಿತ್ರೆಯಲ್ಲಿ ದೊಡ್ಡ ಸಂಸ್ಥೆಗಳ ಹೆಸರು ಮಾತ್ರ ಉಳಿಯುತ್ತದೆ. ಆದರೆ ಕಾರ್ಖಾನೆಯೊಳಗೆ ಇಂಜಿನಿಯರನೊಬ್ಬನಿಗೆ ಹತ್ತಾರು ಮಂದಿ ಫಿಟ್ಟರು, ಟರ್ನರು, ನಕ್ಷೆಗಾರರು ಬೇಕು. ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಂಥ ಶಾಲೆಗಳು ಅಂಥವರನ್ನು ತಯಾರಿಸಿದವು. ಅಲ್ಲಿ ಕ್ಯಾಮೆರಾ ಹಿಡಿಯುವುದನ್ನೂ ಕಲಿಸುತ್ತಿದ್ದರು. ಮುಂದೆ ಫಾಲ್ಕೆ ಪ್ರಶಸ್ತಿ ಪಡೆದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು ಅಲ್ಲಿಯೇ ಓದಿದವರು. ಇವರೆಲ್ಲರಿಗೂ ಬುನಾದಿ ಹೈಸ್ಕೂಲಿನಲ್ಲೇ ಬಿದ್ದಿತ್ತು. ದಶಮಾಂಶವನ್ನು ಅರಿಯದವನ ಕೈಯಲ್ಲಿ ಮೈಕ್ರೋಮೀಟರು ಬರಿಯ ಕಬ್ಬಿಣದ ತುಂಡು.

ಇಂದು ನನ್ನನ್ನು ಕಾಡುವ ಚಿಂತೆ ಇದೇ. ಮಗ ಇಂಜಿನಿಯರಾಗದೆ ಡಿಪ್ಲೊಮಾಕ್ಕೋ ಐ.ಟಿ.ಐ.ಗೋ ಸೇರಿದರೆ ತಲೆ ತಗ್ಗಿಸುವ ತಂದೆತಾಯಂದಿರನ್ನು ಕಾಣುತ್ತೇನೆ. ಊರಿನ ಸರ್ಕಾರಿ ಶಾಲೆ ಸೊರಗಿದರೆ ತಮಗೇನು ನಷ್ಟ ಎನ್ನುವವರೂ ಉಂಟು. ಎಚ್.ಎಂ.ಟಿ. ಗಡಿಯಾರಗಳ ಕಾಲ ಮುಗಿದುಹೋಯಿತು. ಕಾರ್ಖಾನೆಗಳು ಬರುತ್ತವೆ, ಹೋಗುತ್ತವೆ. ಒಮ್ಮೆ ಕಲಿತ ಕೈ ಮಾತ್ರ ಇನ್ನೊಂದು ಕೆಲಸವನ್ನು ಕಲಿಯಬಲ್ಲದು. ಆ ಕೈಯನ್ನು ತಯಾರಿಸುವ ಶಾಲೆ ಕ್ಷೀಣಿಸಿದರೆ, ಅದರ ನಷ್ಟ ನಗರಕ್ಕೆ ತಿಳಿಯುವುದು ಇಪ್ಪತ್ತು ವರ್ಷಗಳ ಅನಂತರ.

ನಿಮ್ಮಲ್ಲಿ ಅನೇಕರು ಈಗ ಒಳ್ಳೆಯ ಹುದ್ದೆಗಳಲ್ಲಿದ್ದೀರಿ. ನೀವು ಓದಿದ ಶಾಲೆಗೆ ವರ್ಷಕ್ಕೊಮ್ಮೆಯಾದರೂ ಹೋಗಿ, ನಿಮ್ಮ ಕೆಲಸವೇನೆಂಬುದನ್ನು ಮಕ್ಕಳಿಗೆ ತಿಳಿಸಿ ಬನ್ನಿ. ಗುರುದಕ್ಷಿಣೆ ಎಂದರೆ ನನಗೆ ಅಷ್ಟೇ.