ಕೇಸ್ ಶೀಟಿನಿಂದ ಸಮಸ್ಯಾಪಟ್ಟಿಯವರೆಗೆ

ರೋಗಿಯ ಕಾಯಿಲೆಗಳನ್ನೂ ಪೂರ್ವಚರಿತ್ರೆಯನ್ನೂ ಕಂಪ್ಯೂಟರಿನಲ್ಲಿ ಹೊಂದಿಸಿಡುವ ವಿದ್ಯೆಗೆ ಎರಡು ಮೂಲಗಳಿವೆ: ಎಣಿಕೆ ಮತ್ತು ಆರೈಕೆ. ಎಣಿಕೆಯ ಮೂಲ ಹಳೆಯದು. 1893ರಲ್ಲಿ ಫ್ರಾನ್ಸಿನ ಬರ್ಟಿಯೋಂ ಮಂಡಿಸಿದ ಮರಣಕಾರಣಗಳ ಪಟ್ಟಿ 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕೈಸೇರಿ, ಪರಿಷ್ಕರಣೆಯಾಗುತ್ತಾ ಇಂದಿನ ಐಸಿಡಿ ಎಂಬ ರೋಗಗಳ ಕೋಡ್ ಪಟ್ಟಿ ಆಯಿತು. ಸತ್ತವರ ಲೆಕ್ಕಕ್ಕೆ ಹುಟ್ಟಿದ ಪಟ್ಟಿಯೇ ಬದುಕಿರುವವರ ಚರಿತ್ರೆಗೂ ಸಾಕೆಂಬ ನಂಬಿಕೆ ಇನ್ನೂ ಪೂರ್ತಿ ಹೋಗಿಲ್ಲ.

ಆರೈಕೆಯ ದಾರಿಯನ್ನು ತೆರೆದವರು ಅಮೆರಿಕದ ವೈದ್ಯ ಲಾರೆನ್ಸ್ ವೀಡ್. ಪ್ರಯೋಗಾಲಯದ ಚೀಟಿ ಒಂದೆಡೆ, ನರ್ಸಿನ ಟಿಪ್ಪಣಿ ಇನ್ನೊಂದೆಡೆ ಎಂದು ಚದುರಿದ್ದ ಕೇಸ್ ಶೀಟನ್ನು ರೋಗಿಯ ಸಮಸ್ಯೆಗಳ ಸುತ್ತ ಕಟ್ಟಬೇಕೆಂದು ಅವರು 1968ರಲ್ಲಿ ವಾದಿಸಿದರು. ಮೊದಲ ಪುಟದಲ್ಲಿ ಸಂಖ್ಯೆ ಹಾಕಿದ ಸಮಸ್ಯಾಪಟ್ಟಿ. ಪ್ರತಿ ಸಮಸ್ಯೆಯಡಿ ರೋಗಿ ಹೇಳಿದ್ದು, ವೈದ್ಯರು ಕಂಡದ್ದು, ತೀರ್ಮಾನ, ಮುಂದಿನ ಯೋಜನೆ. ಗೊತ್ತಿರುವಷ್ಟನ್ನೇ ಬರೆಯಬೇಕು ಎಂಬುದು ಈ ಪದ್ಧತಿಯ ಜೀವಾಳ. ಜ್ವರದವನ ಪಟ್ಟಿಯಲ್ಲಿ ಮೊದಲ ದಿನ ‘ಜ್ವರ’ ಎಂದಷ್ಟೇ ಇರುತ್ತದೆ. ರಕ್ತಪರೀಕ್ಷೆ ಖಚಿತಪಡಿಸಿದ ಮೇಲೆ ಅದೇ ಸಾಲು ‘ಡೆಂಗಿ’ ಆಗುತ್ತದೆ. ವಾಸಿಯಾದ ಮೇಲೆ ಹಳೆಯ ಸಮಸ್ಯೆಗಳ ಕಡೆಗೆ ಸರಿಯುತ್ತದೆ. ಬರಿಯ ಕೋಡ್ ಪದ್ಧತಿಯಲ್ಲಿ ಈ ನಡೆ ಕಾಣುವುದಿಲ್ಲ. ಅಲ್ಲಿ ಐಸಿಡಿಯ ಆರ್50.9 ಎಂದು ಒಮ್ಮೆ ಕೂತ ‘ಕಾರಣ ತಿಳಿಯದ ಜ್ವರ’ ಕೂತೇ ಇರುತ್ತದೆ.

ಎಣಿಕೆ, ಆರೈಕೆ ಇವೆರಡನ್ನೂ ಬೆಸೆಯುವ ಭರವಸೆಯೊಂದಿಗೆ ಬಂದದ್ದು ಸ್ನೋಮೆಡ್ ಸಿಟಿ. ಮೂರು ಲಕ್ಷಕ್ಕೂ ಮಿಕ್ಕ ಪರಿಕಲ್ಪನೆಗಳ ಈ ಪದಕೋಶವನ್ನು ನಡೆಸುವ ಸಂಸ್ಥೆಗೆ ಭಾರತ 2014ರಲ್ಲಿ ಸದಸ್ಯ ದೇಶವಾಯಿತು. ವಿದ್ಯುನ್ಮಾನ ದಾಖಲೆಗಳ ರಾಷ್ಟ್ರೀಯ ಮಾನದಂಡ 2013ರಲ್ಲಿ ಹೊರಬಂದು 2016ರಲ್ಲಿ ಪರಿಷ್ಕಾರಗೊಂಡಿತು. ಛತ್ತೀಸಗಢದ ಗನಿಯಾರಿಯ ಜನ ಸ್ವಾಸ್ಥ್ಯ ಸಹಯೋಗದ ಆಸ್ಪತ್ರೆಯಲ್ಲಿ ನೆಲೆಯೂರಿದ ‘ಬಹ್ಮ್ನಿ’ ತಂತ್ರಾಂಶ ಹಳ್ಳಿಯ ಆಸ್ಪತ್ರೆಗೂ ಇಂಥ ವಿದ್ಯುನ್ಮಾನ ದಾಖಲೆ ಸಾಧ್ಯವೆಂದು ತೋರಿಸಿತು. ಅದಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ.

ಇತ್ತ ರಾಯಚೂರು ಸೀಮೆಯಲ್ಲಿ ಮೊದಲು ಬಂದದ್ದು ಎಣಿಕೆಯೇ. 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಿಪಿಎಲ್ ಕುಟುಂಬಗಳಿಗೆ ದೊಡ್ಡ ಆಸ್ಪತ್ರೆಯ ಬಾಗಿಲು ತೆರೆಯಿತು, ನಿಜ. ಆದರೆ ಕಂಪ್ಯೂಟರಿಗೆ ಬೇಕಿದ್ದದ್ದು ಚಿಕಿತ್ಸೆಯ ಪ್ಯಾಕೇಜ್ ಕೋಡ್. ಕ್ಷಯಕ್ಕೆ ನಿಕ್ಷಯ್, ಬಾಣಂತಿಗೆ ಆರ್‌ಸಿಎಚ್, ಬಿಪಿ-ಶುಗರಿಗೆ ಎನ್‌ಸಿಡಿ ಎಂದು ಪೋರ್ಟಲ್‌ಗಳೂ ಬೇರೆಬೇರೆಯಾಗಿ ಬೆಳೆದವು. ಶುಗರ್ ಇರುವ ಕ್ಷಯರೋಗಿಯೊಬ್ಬ ಎರಡು ಕಡೆ ಎರಡು ಹೆಸರಾಗುತ್ತಾನೆ. ತಾಯಿ ಕಾರ್ಡ್ ಮಾತ್ರ, ಕಾಗದದ್ದಾದರೂ, ಗರ್ಭಿಣಿಯ ಚರಿತ್ರೆಯನ್ನು ಒಂದೇ ಕಡೆ ಹಿಡಿದಿಟ್ಟುಕೊಂಡು ಅವಳೊಂದಿಗೇ ಆಸ್ಪತ್ರೆಗೆ ಹೋಗುತ್ತದೆ.

2021ರ ಸೆಪ್ಟೆಂಬರಿನಲ್ಲಿ ದೇಶದುದ್ದಕ್ಕೂ ಚಾಲನೆ ಪಡೆದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, 14 ಅಂಕಿಗಳ ಆಭಾ ಸಂಖ್ಯೆಯ ಮೂಲಕ ಈ ಚದುರಿಕೆಗೆ ಮದ್ದು ಹುಡುಕಿದೆ. ಆಭಾ ಮಾಡಿಸಿದರೆ ಚರಿತ್ರೆ ತಾನಾಗಿಯೇ ಸಿದ್ಧವಾಗುತ್ತದೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತದೆ. ಆದರೆ ಸಂಖ್ಯೆ ಜೋಡಿಸುವುದು ದಾಖಲೆಗಳನ್ನು, ಅದೂ ರೋಗಿಯ ಒಪ್ಪಿಗೆ ಇದ್ದರೆ. ಐದು ಆಸ್ಪತ್ರೆಗಳ ಐದು ಡಿಸ್ಚಾರ್ಜ್ ಕಾರ್ಡುಗಳು ಒಂದೆಡೆ ಸೇರಿದರೆ ಐದು ಕಾರ್ಡುಗಳ ಕಟ್ಟಾಗುತ್ತದೆ. ಅದರಿಂದ ಸಮಸ್ಯಾಪಟ್ಟಿ ಹುಟ್ಟಬೇಕಾದರೆ ಯಾರೋ ಒಬ್ಬರು ಕೂತು ಓದಿ, ಹಳತನ್ನು ತೆಗೆದು, ಇರುವುದನ್ನು ಉಳಿಸಬೇಕು. ಆ ಹೊಣೆ ತಾಲ್ಲೂಕು ಆಸ್ಪತ್ರೆಯ ವೈದ್ಯರದೋ, ಆರೋಗ್ಯ ಕೇಂದ್ರದ್ದೋ ಇನ್ನೂ ಇತ್ಯರ್ಥವಾಗಿಲ್ಲ.

ರಾಯಚೂರು ಸೀಮೆಯ ದೇವದುರ್ಗ, ಮಾನ್ವಿಯಂಥ ತಾಲ್ಲೂಕುಗಳಿಗೆ ಈ ಪ್ರಶ್ನೆ ಸಣ್ಣದಲ್ಲ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆಗಳಿಗೆ ಗುಳೆ ಹೋಗುವ ಕುಟುಂಬಗಳ ಓಪಿ ಚೀಟಿ ಒಂದು ಊರಲ್ಲಿ, ಎಕ್ಸ್‌ರೇ ಮತ್ತೊಂದು ಊರಲ್ಲಿ ಉಳಿಯುತ್ತದೆ. ಫ್ಲೋರೈಡ್ ನೀರು ಕುಡಿದು ಬೆಳೆದವನ ಮಂಡಿನೋವು, ಊರಿನ ವಿವರ ಬಿಟ್ಟುಹೋದರೆ ದೂರದ ಊರಿನ ವೈದ್ಯರಿಗೆ ಬರಿಯ ಮಂಡಿನೋವು. ಐಸಿಡಿ-10ರಲ್ಲಿ ಮೂಳೆಯ ಫ್ಲೋರೋಸಿಸ್‌ಗೆ ಎಂ85.1 ಎಂಬ ಸ್ಥಾನವೇನೋ ಇದೆ. ಆದರೆ ಅದನ್ನು ತುಂಬಲು ಯಾವ ಬಾವಿಯ ನೀರು, ಎಷ್ಟು ವರ್ಷ ಎಂದು ಕೇಳಬೇಕು. ಹತ್ತಿಗೆ ಎಣ್ಣೆ ಹೊಡೆಯುವ ಕೂಲಿಯವನ ತಲೆಸುತ್ತಿಗೂ ಇದೇ ಮಾತು. ವಿಳಾಸದ ಜೊತೆಗೆ ಕುಡಿಯುವ ನೀರು, ಕಸುಬು, ಗುಳೆ ಹೋಗುವ ಊರು ಎಂಬ ಮೂರು ಕಾಲಂಗಳನ್ನು ಸಮಸ್ಯಾಪಟ್ಟಿಯ ಪಕ್ಕದಲ್ಲೇ ಇಡಲು ಹೊಸ ಕೋಡ್ ಬೇಕಿಲ್ಲ, ಹೊಸ ಪೋರ್ಟಲ್ಲೂ ಬೇಕಿಲ್ಲ.