ಕೋಳಿಬಲೆಯ ಕೊಡೆಯಿಂದ ಮನೆಯ ತಟ್ಟೆಯವರೆಗೆ



ನಮ್ಮ ಮಾಳಿಗೆಯ ಮೇಲಿನ ಪುಟ್ಟ ಡಿಶ್ಶನ್ನು ಕಂಡಾಗಲೆಲ್ಲ ನನ್ನ ಮನಸ್ಸು ರಾಯಚೂರು ಜಿಲ್ಲೆಯ ನನ್ನ ಹುಟ್ಟೂರಿನ ಶಾಲೆಯತ್ತ ಹೊರಳುತ್ತದೆ. 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಉಪಗ್ರಹ ಶೈಕ್ಷಣಿಕ ದೂರದರ್ಶನ ಪ್ರಯೋಗವು ಆರಂಭವಾದಾಗ ನಾನು ಹನ್ನೊಂದು ವರ್ಷದ ಬಾಲಕ. ವಿಕ್ರಮ್ ಸಾರಾಭಾಯಿಯವರು ಕಂಡ ಕನಸದು. ಅದು ನನಸಾಗುವ ಮೊದಲೇ, 1971ರಲ್ಲಿ, ಅವರು ತೀರಿಕೊಂಡಿದ್ದರು. ನಾಸಾ ಸಂಸ್ಥೆಯ ಎ.ಟಿ.ಎಸ್.-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ತಲುಪಿಸಲಾಯಿತು. ಕರ್ನಾಟಕದಿಂದ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗ ಹಾಗೂ ರಾಯಚೂರು ಜಿಲ್ಲೆಗಳು.

ಹತ್ತು ಅಡಿ ಅಗಲದ ಆ ಆಂಟೆನಾವನ್ನು ಕೋಳಿಗೂಡಿಗೆ ಬಳಸುವ ತಂತಿಬಲೆಯಿಂದ ಮಾಡಿದ್ದರು. ‘ತೂತುಬಲೆಯಲ್ಲಿ ಚಿತ್ರ ನಿಲ್ಲುವುದೆಂತು?’ ಎಂದು ಹಿರಿಯರು ನಗುತ್ತಿದ್ದರು. ಉತ್ತರ ನನಗೆ ದೊರೆತದ್ದು ಕಾಲೇಜಿನಲ್ಲಿ. ಪ್ರಸಾರದ ಆವರ್ತನ 860 ಮೆಗಾಹರ್ಟ್ಸ್. ಅಂದರೆ ತರಂಗದೂರ ಸುಮಾರು 35 ಸೆಂ.ಮೀ. ಅದರ ಮುಂದೆ ಬಲೆಯ ತೂತು ಅತ್ಯಲ್ಪ. ತರಂಗಕ್ಕೆ ಅದು ಗೋಡೆಯೇ ಸರಿ. ಅಗ್ಗ, ಹಗುರ, ಗಾಳಿಗೂ ಜಗ್ಗದು. ಬಡದೇಶಕ್ಕೆ ಇದಕ್ಕಿಂತ ಜಾಣ ಆಯ್ಕೆ ಇರಲಿಲ್ಲ.

1976ರ ಜುಲೈ 31ರಂದು ಪ್ರಯೋಗ ಮುಗಿಯಿತು. ಮರುದಿನ ಬೆಳಿಗ್ಗೆಯೂ ನಾವು ಮಕ್ಕಳು ಪೆಟ್ಟಿಗೆಯ ಮುಂದೆ ಸಾಲಾಗಿ ಕುಳಿತೆವು. ಗುರುಗಳು ಏನನ್ನೂ ಹೇಳಲಾರದೆ ತಲೆತಗ್ಗಿಸಿ ನಿಂತರು. 1977ರಲ್ಲಿ ಗುಲ್ಬರ್ಗದಲ್ಲಿ ಪ್ರಸಾರಕೇಂದ್ರ ಸ್ಥಾಪನೆಯಾಯಿತಾದರೂ ಅದರ ತರಂಗ ನಮ್ಮೂರನ್ನು ಮುಟ್ಟಲಿಲ್ಲ.

2004ರ ಡಿಸೆಂಬರಿನಲ್ಲಿ ದೂರದರ್ಶನವು ‘ಡಿಡಿ ಡೈರೆಕ್ಟ್ ಪ್ಲಸ್’ ಎಂಬ ಉಚಿತ ಸೇವೆಯನ್ನು ಆರಂಭಿಸಿತು. ಮರುವರ್ಷ ನಾನೇ ಪೇಟೆಗೆ ಹೋಗಿ ತಟ್ಟೆ, ಎಲ್‌ಎನ್‌ಬಿ, ಕೇಬಲ್, ರಿಸೀವರ್‌ಗಳನ್ನು ಬಿಡಿಬಿಡಿಯಾಗಿ ಕೊಂಡುತಂದೆ. ದಿನವಿಡೀ ತಟ್ಟೆ ತಿರುಗಿಸಿದರೂ ಪರದೆ ಬರಿದು! ನಾನು ತಂದಿದ್ದು ಸಿ-ಬ್ಯಾಂಡಿನ ಎಲ್‌ಎನ್‌ಬಿ, ಬೇಕಾದದ್ದು ಕೆಯು-ಬ್ಯಾಂಡಿನದು. ಸಿ-ಬ್ಯಾಂಡಿನ ತರಂಗದೂರ ಸುಮಾರು 7.5 ಸೆಂ.ಮೀ., ಕೆಯು-ಬ್ಯಾಂಡಿನದು 2.5 ಸೆಂ.ಮೀ. ಮೊದಲನೆಯದಕ್ಕೆ ಎಂಟು–ಹತ್ತು ಅಡಿಯ ಡಿಶ್ ಬೇಕಾದರೆ, ಎರಡನೆಯದಕ್ಕೆ ಎರಡಡಿಯ ತಟ್ಟೆ ಸಾಕು. ವರುಷಗಟ್ಟಲೆ ತರಂಗದೂರವನ್ನು ಬೋಧಿಸಿದ ಮೇಷ್ಟ್ರು ಅಂಗಡಿಯಲ್ಲಿ ಅದನ್ನೇ ಮರೆತಿದ್ದೆ. ಮನೆಯವರು ನಕ್ಕದ್ದರಲ್ಲಿ ತಪ್ಪೇನಿದೆ?

ಭಾಗ ಬದಲಿಸಿದೆ, ಚಿತ್ರ ಮೂಡಿತು. ಮನೆಮಂದಿಯೆಲ್ಲ ಹರ್ಷಿಸುತ್ತಿರಲು ನಾನು ಮಾತ್ರ 1976ರ ಆ ಮೌನ ಪೆಟ್ಟಿಗೆಯನ್ನು ನೆನೆಯುತ್ತಿದ್ದೆ. ಯಂತ್ರ ಸೋತಿರಲಿಲ್ಲ, ಬಲೆಯೂ ಹರಿದಿರಲಿಲ್ಲ. ಆಕಾಶದಲ್ಲಿದ್ದುದು ಎರವಲು ಉಪಗ್ರಹ, ಅಷ್ಟೇ. ಮಕ್ಕಳಿಗೆ ಕೊಡುವುದನ್ನು ನಡುವೆ ನಿಲ್ಲಿಸಬಾರದೆಂಬ ಪಾಠವನ್ನು ನಾನು ಕಲಿತದ್ದು ಅಂದೇ.