ಮೆಲ್ವಿಲ್ಲನೂ ಎಸೆಕ್ಸ್ ನೌಕಾಭಂಗವೂ

ಪೇಶವಾಯಿಯು 1818ರಲ್ಲಿ ಕೊನೆಗಂಡ ಆ ದಿನಗಳಲ್ಲಿ ಧಾರವಾಡ ಸೀಮೆಯ ಮನೆಗಳಲ್ಲಿ ಔಡಲೆಣ್ಣೆ, ಕುಸುಬೆಣ್ಣೆಗಳ ದೀಪಗಳು ಉರಿಯುತ್ತಿದ್ದವು. ಅದೇ ಕಾಲಕ್ಕೆ ಅಮೇರಿಕೆಯ ಪೂರ್ವತೀರದ ನಗರಗಳನ್ನು ಬೆಳಗುತ್ತಿದ್ದುದು ತಿಮಿಂಗಿಲದ ಎಣ್ಣೆ. ಆ ಎಣ್ಣೆಯ ವ್ಯಾಪಾರವೇ ನಾಂಟುಕೆಟ್ ಎಂಬ ಚಿಕ್ಕ ದ್ವೀಪದ ಜೀವನಾಧಾರವಾಗಿದ್ದಿತು. ಅಲ್ಲಿಯ ಗಂಡಸರು ಎರಡು ಮೂರು ವರ್ಷ ಮನೆಮಾರು ಬಿಟ್ಟು ಶಾಂತಸಾಗರದವರೆಗೆ ಬೇಟೆಗೆ ಹೋಗುತ್ತಿದ್ದರು. 1819ನೆಯ ಇಸವಿಯ ಆಗಸ್ಟ 12ನೆಯ ತಾರೀಖಿಗೆ ಎಸೆಕ್ಸ್ ಎಂಬ ಹಡಗು ಆ ದ್ವೀಪದಿಂದ ಹೊರಟಿತು. ಅದಕ್ಕೆ ಹನ್ನೊಂದು ದಿವಸ ಮೊದಲು ನ್ಯೂಯಾರ್ಕ್ ನಗರದಲ್ಲಿ ಹರ್ಮನ್ ಮೆಲ್ವಿಲ್ ಹುಟ್ಟಿದ್ದನು. ಆ ಶಿಶುವಿನ ಬಾಳಿಗೂ ಆ ಹಡಗಿನ ಗತಿಗೂ ಮುಂದೆ ಬಿದ್ದ ಗಂಟು ಆತನ ಮುಪ್ಪಿನವರೆಗೂ ಬಿಚ್ಚಲಿಲ್ಲ.

ಎಸೆಕ್ಸಿನ ಕಪ್ತಾನ ಜಾರ್ಜ್ ಪೊಲಾರ್ಡನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮೊದಲನೆಯ ಸಹಾಯಕನಾದ ಓವೆನ್ ಚೇಸನು ಆತನಿಗಿಂತಲೂ ಕಿರಿಯನು. 1820ನೆಯ ನವೆಂಬರ 20ನೆಯ ತಾರೀಖಿಗೆ, ಭೂಮಧ್ಯರೇಖೆಯ ಸಮೀಪದಲ್ಲಿ, ದಕ್ಷಿಣ ಅಮೇರಿಕೆಯ ದಂಡೆಗೆ ಸುಮಾರು ಎರಡು ಸಾವಿರ ಮೈಲಿ ಪಶ್ಚಿಮಕ್ಕೆ, ಒಂದು ದೊಡ್ಡ ಗಂಡು ತಿಮಿಂಗಿಲವು ಇದಿರಾಗಿ ಬಂದು ಹಡಗನ್ನು ಎರಡು ಸಲ ತಲೆಯಿಂದ ಹಾಯ್ದಿತು. ಹಡಗಿನ ಉದ್ದ 87 ಅಡಿ. ಆ ಪ್ರಾಣಿಯ ಉದ್ದ ಸುಮಾರು 85 ಅಡಿಯಿದ್ದಿತೆಂದು ಚೇಸನು ಬರೆದಿಟ್ಟಿದ್ದಾನೆ. ಕೆಲವೇ ನಿಮಿಷಗಳಲ್ಲಿ ಹಡಗು ಒಂದು ಮಗ್ಗುಲಿಗೆ ಉರುಳಿತು. 20 ಜನರು ಬೇಟೆಯ ಮೂರು ಸಣ್ಣ ದೋಣಿಗಳಲ್ಲಿ ಉಳಿದರು. ಕೈಗೆ ಸಿಕ್ಕ ಒಣರೊಟ್ಟಿ, ನೀರು, ಕೆಲವು ಆಮೆಗಳು, ಇಷ್ಟೇ ಅವರ ಬುತ್ತಿಯಾಯಿತು.

ಇನ್ನು ಎತ್ತ ಹೋಗಬೇಕು? ಗಾಳಿಯು ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತಿದ್ದಿತು. ಆ ಗಾಳಿಯನ್ನು ಹಿಡಿದು ಹೋದರೆ ಮಾರ್ಕ್ವೆಸಸ್ ದ್ವೀಪಗಳಿದ್ದವು. ಟಾಹಿಟಿಯೂ ಮುಟ್ಟಲಾರದಷ್ಟು ದೂರವಿರಲಿಲ್ಲ. ಪೊಲಾರ್ಡನ ಮನಸ್ಸು ಟಾಹಿಟಿಯ ಕಡೆಗಿದ್ದಿತು. ಆದರೆ ದ್ವೀಪವಾಸಿಗಳು ನರಭಕ್ಷಕರೆಂಬ ವದಂತಿಗೆ ಅಂಜಿ ಸಹಾಯಕರು ಒಪ್ಪಲಿಲ್ಲ, ಕಪ್ತಾನನು ಮಣಿದನು. ನೇರವಾಗಿ ಪೂರ್ವಕ್ಕೆ ಸಾಗುವುದು ಅಸಾಧ್ಯವಾದುದರಿಂದ, ಮೊದಲು ದಕ್ಷಿಣಕ್ಕಿಳಿದು ಬೇರೆ ಗಾಳಿಯನ್ನು ಹಿಡಿದು ದಕ್ಷಿಣ ಅಮೇರಿಕೆಯನ್ನು ಸೇರುವ ಸಾವಿರಾರು ಮೈಲಿಗಳ ಸುತ್ತುದಾರಿಯನ್ನು ಕೈಕೊಂಡರು. ತಿಂಗಳ ಮೇಲೆ ಹೆಂಡರ್ಸನ್ ಎಂಬ ನಿರ್ಜನ ದ್ವೀಪವು ದೊರೆಯಿತು. ಮೂವರು ಅಲ್ಲಿಯೇ ನಿಂತರು, ಮಿಕ್ಕವರು ಮುಂದೆ ಸಾಗಿದರು. ಬುತ್ತಿ ತೀರಿತು. ಸತ್ತವರ ದೇಹವೇ ಬದುಕಿದವರ ಆಹಾರವಾಯಿತು. ಕಪ್ತಾನನ ದೋಣಿಯಲ್ಲಿ ಕೊನೆಗೆ ಚೀಟಿಗಳನ್ನೆತ್ತಿದರು. ಸಾವಿನ ಚೀಟಿಯು ಆತನ ಸೋದರಸಂಬಂಧಿಯಾದ ಹದಿಹರೆಯದ ಓವೆನ್ ಕಾಫಿನ್ನನ ಪಾಲಿಗೆ ಬಂದಿತು. 1821ನೆಯ ಫೆಬ್ರುವರಿಯಲ್ಲಿ ಬೇರೆ ಬೇರೆ ಹಡಗುಗಳವರು ಎರಡು ದೋಣಿಗಳನ್ನು ಕಂಡಾಗ ಅವುಗಳಲ್ಲಿ ಐವರಿಗೆ ಮಾತ್ರ ಜೀವವಿದ್ದಿತು. ದ್ವೀಪದ ಮೂವರು ಏಪ್ರಿಲದಲ್ಲಿ ಪಾರಾದರು. ಹೀಗೆ ಇಪ್ಪತ್ತು ಜನರಲ್ಲಿ ಉಳಿದವರು ಎಂಟು ಜನ. ಯಾವ ಕೃತ್ಯಕ್ಕೆ ಅಂಜಿ ಓಡಿದರೋ ಅದನ್ನೇ ಅವರು ತಮ್ಮ ಕೈಯಾರೆ ಮಾಡಬೇಕಾಯಿತು.

ಚೇಸನು ಅದೇ ವರ್ಷ ಈ ವೃತ್ತಾಂತವನ್ನು ಗ್ರಂಥರೂಪವಾಗಿ ಪ್ರಕಟಿಸಿದನು. ಇಪ್ಪತ್ತು ವರ್ಷಗಳ ತರುವಾಯ, 1841ರಲ್ಲಿ, ಮೆಲ್ವಿಲ್ಲನು ಅಕುಶ್‌ನೆಟ್ ಎಂಬ ಹಡಗಿನಲ್ಲಿ ನಾವಿಕನಾಗಿ ಅದೇ ಬೇಟೆಗೆ ಹೊರಟನು. ನಡುಗಡಲಿನಲ್ಲಿ ಹಡಗುಗಳು ಸಂಧಿಸಿದಾಗ ಅವುಗಳ ಜನರು ಕೂಡಿ ಮಾತನಾಡುವ ರೂಢಿಯಿದ್ದಿತು. ಅಂಥದೊಂದು ಭೇಟಿಯಲ್ಲಿ ಚೇಸನ ಮಗನು ತಂದೆಯ ಪುಸ್ತಕವನ್ನು ಆತನಿಗೆ ಓದಲು ಕೊಟ್ಟನು. ಎಸೆಕ್ಸ್ ಮುಳುಗಿದ ಸ್ಥಳಕ್ಕೆ ಸಮೀಪವಾದ ಅಕ್ಷಾಂಶದಲ್ಲಿ, ದಡಗಾಣದ ನೀರಿನ ನಡುವೆ, ಆ ತರುಣನು ಅದನ್ನು ಓದಿದನು. ಆ ಓದು ತನ್ನ ಮೇಲೆ ಆಶ್ಚರ್ಯಕರವಾದ ಪರಿಣಾಮವನ್ನು ಮಾಡಿತೆಂದು ಮುಂದೆ ಬರೆದುಕೊಂಡನು. ಚೇಸನನ್ನೇ ಸಮುದ್ರದಲ್ಲಿ ಕಣ್ಣಾರೆ ಕಂಡೆನೆಂದೂ ಆತನು ನಂಬಿದ್ದನು. ಚೇಸನಾದರೋ 1840ರಲ್ಲಿಯೇ ಸಮುದ್ರಯಾನವನ್ನು ಬಿಟ್ಟಿದ್ದನು. ಮನಸ್ಸನ್ನು ತುಂಬಿದ ಕಥೆಯು ಕಣ್ಣನ್ನೂ ಮೋಸಗೊಳಿಸಿದ್ದಿರಬೇಕು.

ಮರುವರ್ಷ ಮೆಲ್ವಿಲ್ಲನು ಹಡಗು ಬಿಟ್ಟು ಓಡಿಹೋದುದಾದರೂ ಎಲ್ಲಿಗೆ? ಎಸೆಕ್ಸಿನವರು ಅಂಜಿ ತೊರೆದ ಆ ಮಾರ್ಕ್ವೆಸಸ್ ದ್ವೀಪಗಳಿಗೇ! ನರಭಕ್ಷಕರೆಂದು ಹೆಸರಾದ ಟೈಪೀ ಜನರ ನಡುವೆ ಆತನು ಸುಮಾರು ಒಂದು ತಿಂಗಳು ಇದ್ದನು. ಅಂಜಿಕೆಯು ಆತನನ್ನೂ ಬಿಟ್ಟಿರಲಿಲ್ಲ. ಆದರೂ ಅವರ ಉಪಚಾರವನ್ನುಂಡು ಜೀವಸಹಿತ ಮರಳಿದನು. 1846ರಲ್ಲಿ ಪ್ರಕಟವಾದ ಆತನ ಮೊದಲನೆಯ ಗ್ರಂಥ 'ಟೈಪೀ' ಆ ವಾಸದ ಫಲವು.

1851ರಲ್ಲಿ 'ಮೋಬಿ ಡಿಕ್' ಕಾದಂಬರಿಯ ರಚನೆ ನಡೆದಿದ್ದಾಗ, ನ್ಯಾಯಾಧೀಶನಾಗಿದ್ದ ಮಾವ ಲೆಮ್ಯುಯೆಲ್ ಶಾ ಚೇಸನ ಪುಸ್ತಕದ ಪ್ರತಿಯೊಂದನ್ನು ಆತನಿಗೆ ದೊರಕಿಸಿಕೊಟ್ಟನು. ಕಾದಂಬರಿಯ ಕೊನೆಯಲ್ಲಿ ಬಿಳಿಯ ತಿಮಿಂಗಿಲವು ಹಡಗನ್ನು ಮುಳುಗಿಸುತ್ತದೆ. ಕಥೆ ಹೇಳಲು ಒಬ್ಬನು ಮಾತ್ರ ಉಳಿಯುತ್ತಾನೆ. ಕಾದಂಬರಿಯು ಮುಗಿದ ಸ್ಥಳದಲ್ಲಿಯೇ ಎಸೆಕ್ಸಿನವರ ನಿಜವಾದ ಸಂಕಟವು ಮೊದಲಾಗಿದ್ದಿತು. ಇದನ್ನು ಮೆಲ್ವಿಲ್ಲನು ಅರಿಯದೆ ಇರಲಿಲ್ಲ. ನೇರವಾಗಿ ಟಾಹಿಟಿಗೆ ಹೋಗಿದ್ದರೆ ಇವರ ದುಃಖವೆಲ್ಲ ಬಹುಶಃ ತಪ್ಪುತ್ತಿತ್ತೆಂದು ಆತನು ತನ್ನ ಪ್ರತಿಯಲ್ಲಿ ಸ್ವಹಸ್ತದಿಂದ ಬರೆದಿದ್ದಾನೆ. ತಿಮಿಂಗಿಲದ ಕೋಪವು ಕೆಲವು ನಿಮಿಷಗಳದು. ತಾವೆಂದೂ ಕಾಣದ ಜನರ ವಿಷಯದ ಅಂಜಿಕೆಯು ಅವರನ್ನು ಮೂರು ತಿಂಗಳು ಕಾಡಿ ಕೊಂದಿತು.

1852ನೆಯ ಜುಲೈದಲ್ಲಿ, ಕಾದಂಬರಿಯು ಪ್ರಕಟವಾದ ಮೇಲೆ, ಮೆಲ್ವಿಲ್ಲನು ಮೊದಲ ಸಲ ನಾಂಟುಕೆಟ್ ದ್ವೀಪವನ್ನು ಕಂಡನು. ಅಲ್ಲಿ ಪೊಲಾರ್ಡನು ಇನ್ನೂ ಬದುಕಿದ್ದನು. ಎಸೆಕ್ಸಿನ ತರುವಾಯ ಆತನಿಗೆ ವಹಿಸಿದ ಟೂ ಬ್ರದರ್ಸ್ ಎಂಬ ಹಡಗೂ 1823ರಲ್ಲಿ ಹವಾಯಿ ದ್ವೀಪಗಳ ಕಡೆಗೆ ಬಂಡೆಗೆ ತಾಗಿ ಒಡೆದುಹೋಯಿತು. ಮತ್ತೆ ಯಾರೂ ಆತನಿಗೆ ಹಡಗನ್ನು ಕೊಡಲಿಲ್ಲ. ಆತನು ಊರ ಬೀದಿಗಳಲ್ಲಿ ರಾತ್ರಿಯ ಪಹರೆಯವನಾದನು. ಪ್ರತಿವರ್ಷ ನವೆಂಬರ 20ಕ್ಕೆ ಕೋಣೆಯ ಬಾಗಿಲಿಕ್ಕಿ ಉಪವಾಸವಿರುತ್ತಿದ್ದನೆಂಬ ಐತಿಹ್ಯವಿದೆ. ಇಬ್ಬರೂ ಒಂದೆರಡು ಮಾತುಗಳನ್ನಾಡಿದರು. ದ್ವೀಪದವರಿಗೆ ಆ ಮನುಷ್ಯನು ಲೆಕ್ಕಕ್ಕಿಲ್ಲದವನು. ಮೆಲ್ವಿಲ್ಲನಿಗೆ ಮಾತ್ರ, ತಾನು ಕಂಡವರೆಲ್ಲರಲ್ಲಿ ಮನಸ್ಸನ್ನು ಅತ್ಯಂತ ಸೆಳೆದವನು ಆ ವಿನೀತ ವೃದ್ಧನೇ ಎನಿಸಿತು.

ಆಮೇಲಿನ ಮೆಲ್ವಿಲ್ಲನ ಬಾಳೂ ಅದೇ ದಾರಿಯನ್ನು ಹಿಡಿಯಿತು. 'ಮೋಬಿ ಡಿಕ್' ಆತನ ಜೀವಮಾನದಲ್ಲಿ 4000 ಪ್ರತಿಗಳಷ್ಟೂ ಮಾರಾಟವಾಗಲಿಲ್ಲ. 1866ರಿಂದ 1885ರ ವರೆಗೆ ಆತನು ನ್ಯೂಯಾರ್ಕಿನ ಸುಂಕದ ಕಟ್ಟೆಯಲ್ಲಿ ತಪಾಸಣೆಗಾರನಾಗಿ ದುಡಿದನು. ಪೊಲಾರ್ಡನು 1870ರಲ್ಲಿ ತೀರಿಕೊಂಡನು. ಆರು ವರ್ಷಗಳ ಮೇಲೆ ಮೆಲ್ವಿಲ್ಲನು ಪ್ರಕಟಿಸಿದ 'ಕ್ಲಾರೆಲ್' ಎಂಬ ದೀರ್ಘಕಾವ್ಯವು ಪವಿತ್ರಭೂಮಿಯ ಯಾತ್ರೆಯ ಕಥೆ. ಸಮುದ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಅದರಲ್ಲಿ ಎರಡು ಹಡಗುಗಳನ್ನು ಕಳೆದುಕೊಂಡು ರಾತ್ರಿಯ ಪಹರೆಯವನಾದ ನಾವಿಕನೊಬ್ಬನು ಬಂದುಹೋಗುತ್ತಾನೆ. ತಾರುಣ್ಯದಲ್ಲಿ ಆತನನ್ನು ಬೆರಗುಗೊಳಿಸಿದುದು ತಿಮಿಂಗಿಲ. ಮುಪ್ಪಿನಲ್ಲಿ ಆತನ ಬಳಿಯಲ್ಲಿ ಉಳಿದವನು ಕಂದೀಲು ಹಿಡಿದು ಊರು ಕಾಯುವ ಆ ಮುದುಕ. ಮೆಲ್ವಿಲ್ಲನು 1891ರಲ್ಲಿ ಮರಣ ಹೊಂದಿದನು. ಆತನ ಕೈಬರಹವುಳ್ಳ ಚೇಸನ ಪುಸ್ತಕವು ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ.